ಹದಿನಾರು ಕುರ್ಚಿ, ಒಬ್ಬ ದುಭಾಷಿ

ಫೆಬ್ರವರಿ ೬, ಗುರುವಾರ

ಮೊದಲಿಗೆ ಶಾಪ. ಈ ಪುಸ್ತಕವನ್ನು ನನ್ನ ಹೊರತು ಬೇರೆ ಯಾರಾದರೂ ಓದಿದಲ್ಲಿ ಅವರ ಚಪ್ಪಲಿ ಜನ್ಮದಲ್ಲಿ ಜೋಡಿಯಾಗಿ ಸಿಗದಿರಲಿ. ಚಿಕ್ಕಮ್ಮ, ನಿಮ್ಮನ್ನೂ ಸೇರಿಸಿಯೇ ಹೇಳಿದ್ದು.

ಇನ್ನು ವಿಷಯ. ಮುಂದಿನ ಬುಧವಾರ ನನ್ನ ಪ್ರಾಣಸ್ನೇಹಿತ ಉಳಿಯ ಮದುವೆ. ಸಮುದ್ರದ ನಡುವೆ ಎಲ್ಲೋ ಇರುವ ಒಂದು ದ್ವೀಪದಲ್ಲಿ, ಹದಿನಾರೇ ಜನರ ಸಮ್ಮುಖದಲ್ಲಿ. ಒಂದು ವಿಮಾನ, ಒಂದು ಬಸ್ಸು, ಒಂದು ದೋಣಿ ದಾಟಿ ಹೋಗಬೇಕು. ಇಲ್ಲಿ ಈಗ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆಯುತ್ತದೆ. ಅಲ್ಲಿ ಕೂತಲ್ಲೇ ಬೆವರು ಸುರಿಯುತ್ತದಂತೆ. ನಾನು ನಂಬಿಲ್ಲ. ಉಣ್ಣೆಯ ಕೋಟು ಇಟ್ಟುಕೊಂಡಿದ್ದೇನೆ. ಗಣ್ಯರು ಕೋಟಿಲ್ಲದೆ ಮದುವೆಗೆ ಹೋಗುವುದಿಲ್ಲ.

ಗಣ್ಯ ಯಾಕೆಂದರೆ, ನಾನು ಉಳಿಯ ಆಸ್ಥಾನ ದುಭಾಷಿ. ಉಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮಾತೆಲ್ಲ ಕೈಯಲ್ಲಿ. ಎರಡನೇ ಕ್ಲಾಸಿನಿಂದ ಆ ಕೈಮಾತು ಕಲಿತವನು ನಾನು. ಈಗ ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದೇವೆ: ಅವನು ಕುರ್ಚಿ ಮಾಡುತ್ತಾನೆ, ನಾನು ಪಾಲಿಶ್ ಹಚ್ಚುತ್ತೇನೆ. ಗಿರಾಕಿಗಳ ಮಾತು ಅವನಿಗೆ, ಅವನ ಮಾತು ಗಿರಾಕಿಗಳಿಗೆ ದಾಟಿಸುವುದೂ ನಾನೇ. ಹಾಗೆಂದು ಸುಮ್ಮನೆ ದಾಟಿಸುವುದಿಲ್ಲ. ಅದನ್ನು ಎಂಥ ದಡ್ಡನೂ ಮಾಡಿಯಾನು.

ಹೋದ ತಿಂಗಳು ಒಬ್ಬರು ಬಂದು, "ಏನ್ರೀ ಈ ಕಾಲು? ಕುಡುಕನ ಕಾಲಿನ ಹಾಗಿದೆ! ಮಾಡಿದವನಿಗೆ ಕಣ್ಣಿಲ್ವಾ?" ಎಂದು ಮೇಜು ಗುದ್ದಿದರು. ನಾನು ಉಳಿಗೆ ಕೈಯಲ್ಲಿ ಹೇಳಿದ್ದು: "ಇವರಮ್ಮ ಈ ಕುರ್ಚಿ ಬಿಟ್ಟು ಏಳ್ತಾನೇ ಇಲ್ವಂತೆ. ಒಂದು ಕಾಲು ಮಾತ್ರ ಸ್ವಲ್ಪ ನೋಡ್ಬೇಕಂತೆ."

"ಮತ್ತೆ ಮೇಜು ಯಾಕೆ ಗುದ್ತಿದ್ದಾರೆ?"

"ಸಂತೋಷ."

ಉಳಿ ಕಾಲು ಸರಿ ಮಾಡಿಕೊಟ್ಟ. ಗಿರಾಕಿ ತಣ್ಣಗಾಗಿ ಹೋದರು. ಯಾರಿಗೆ ಏನು ನಷ್ಟ?

ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಕೈಹೆಸರು ಇರುತ್ತದೆ. ಇವನು ಕಿವಿಯ ಮೇಲೆ ಪೆನ್ಸಿಲ್ ಬದಲು ಸಣ್ಣ ಉಳಿ ಸಿಕ್ಕಿಸಿಕೊಳ್ಳುವವನಾದ್ದರಿಂದ ಕಿವಿ ಮುಟ್ಟಿದರೆ ಇವನು; ಬಾಯಲ್ಲಿ ಹೇಳುವಾಗ ಉಳಿ. ನನ್ನ ಹೆಸರು ಹೇಳಬೇಕಾದರೆ ಎಡ ಅಂಗೈಯ ಮೇಲೆ ಬಲಗೈ ಬೆರಳುಗಳನ್ನು ಚಿಟಪಟ ಸಿಡಿಸಬೇಕು: ಒಗ್ಗರಣೆ. ಇಟ್ಟವನು ಉಳಿಯೇ. ನಾನದನ್ನು ಬಿರುದೆಂದು ಧರಿಸಿ ತಿರುಗುತ್ತಿದ್ದೇನೆ.

ವಧುವಿನ ಬಗ್ಗೆ, ಅಂದರೆ ನನ್ನ ಅತ್ತಿಗೆಯ ಬಗ್ಗೆ. ಆ ದ್ವೀಪದಲ್ಲಿ ಜನರಿಗೆ ಸಮುದ್ರದಾಳಕ್ಕೆ ಮುಳುಗುವುದನ್ನು ಕಲಿಸುವುದು ಅತ್ತಿಗೆಯ ಕೆಲಸ. ಮೂರು ವರ್ಷದ ಹಿಂದೆ ಅವರ ದೋಣಿಗಳಿಗೆ ಬೆಂಚು ಕೂರಿಸಲು ಉಳಿ ಹತ್ತು ದಿನ ಒಬ್ಬನೇ ಹೋಗಿದ್ದ. ಬರುವಾಗ ಮುಖದ ತುಂಬ ನಗು ಹೊತ್ತು ಬಂದ. ನೀರಿನೊಳಗೆ ಯಾರಿಗೂ ಬಾಯಿಲ್ಲ, ಎಲ್ಲರದೂ ಕೈಮಾತೇ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿತಂತೆ. ದುಭಾಷಿಯೇ ಇಲ್ಲದೆ ಒಂದು ಪ್ರೇಮ ನಡೆದುಹೋಯಿತೆಂಬುದು ನನ್ನ ವೃತ್ತಿಗೆ ಆದ ದೊಡ್ಡ ಅವಮಾನ.

ಮದುವೆಗೆ ಬರುವ ಹದಿನಾರು ಜನರಿಗೆ ಉಳಿ ನಾಲ್ಕು ತಿಂಗಳು ಕೂತು ಹದಿನಾರು ಮಡಿಸುವ ಕುರ್ಚಿ ಮಾಡಿದ್ದಾನೆ. ಪಾಲಿಶ್ ನನ್ನದು. ಎರಡು ವಾರ ಮೊದಲೇ ಸರಕಿನ ದೋಣಿಯಲ್ಲಿ ಹೋಗಿವೆ.

ಉಳಿಯನ್ನು ಸಾಕಿದ ಚಿಕ್ಕಮ್ಮ ಸಂಜೆ ನನ್ನ ಕಿವಿ ಹಿಡಿದು, "ಲೋ ಕೋತಿ, ಅಲ್ಲಿ ಏನಾದ್ರೂ ಕಿತಾಪತಿ ಮಾಡಿದ್ಯೋ, ಸಮುದ್ರಕ್ಕೆ ನೂಕ್ಬಿಡ್ತೀನಿ" ಎಂದರು. ಆರು ದಿನ ಯಾವ ಕಿತಾಪತಿಯನ್ನೂ ಮಾಡೆನೆಂದು ಬಲಗೈ ಎತ್ತಿ ಪ್ರತಿಜ್ಞೆ ಮಾಡಿದೆ. ಸುಳ್ಳಿನ ಬಗ್ಗೆ ಅವರು ಏನೂ ಕೇಳಲಿಲ್ಲ.

ಫೆಬ್ರವರಿ ೮, ಶನಿವಾರ

ಕೋಟು ಇಂದು ಮಧ್ಯಾಹ್ನ ಒಂದು ಗಂಟೆಗೆ ಸೇವೆಯಿಂದ ನಿವೃತ್ತಿ ಹೊಂದಿತು. ಕಿಟಕಿಯ ಸರಳಿಗೆ ನೇತುಹಾಕಿದ್ದೇನೆ, ಅದೂ ಬೆವರುತ್ತಿದೆ.

ದೋಣಿಯಲ್ಲಿ ಚಿಕ್ಕಮ್ಮ ಮೂರು ಬಾರಿ ವಾಂತಿ ಮಾಡಿಕೊಂಡು, ಮೂರು ಬಾರಿಯೂ ನನ್ನನ್ನೇ ಬೈದರು. ನಾವು ಉಳಿದುಕೊಂಡಿರುವುದು ಎಂಟು ಕೋಣೆಯ ಒಂದು ಸಣ್ಣ ವಸತಿಗೃಹ. ನನ್ನ ಕೋಣೆಯ ಫ್ಯಾನಿಗೆ ಐದು ವೇಗ ಬರೆದಿದೆ. ಒಂದರಿಂದ ಐದಕ್ಕೂ ಅದು ಒಂದೇ ಸಮ ನರಳುತ್ತದೆ. ಉಪ್ಪು ಎಲ್ಲದಕ್ಕೂ ಹತ್ತಿದೆ: ಬಾಗಿಲ ಚಿಲಕ, ದಿಂಬು, ಈ ಪುಸ್ತಕದ ಅಂಚು. ಎದುರಿಗೆ ಮರದ ದೋಣಿಕಟ್ಟೆ, ಪಕ್ಕದಲ್ಲಿ ಅತ್ತಿಗೆಯ ಮುಳುಗು ಕಲಿಸುವ ಶಾಲೆಯ ಶೆಡ್ಡು. ಸಮುದ್ರದ ಬಣ್ಣದ ಬಗ್ಗೆ ಬರೆಯುವುದಿಲ್ಲ. ಬರೆದರೆ ನಾನು ಒಗ್ಗರಣೆ ಹಾಕಿದೆ ಎನ್ನುತ್ತಾರೆ.

ಅತ್ತಿಗೆ ಒದ್ದೆ ತಲೆಯಲ್ಲೇ ಓಡಿಬಂದು ಉಳಿಯ ಜೊತೆ ಕೈಯಲ್ಲಿ ಏನೇನೋ ಹೇಳಿಕೊಂಡರು. ನಾನು ಸೌಜನ್ಯಕ್ಕೆ ಆಕಾಶ ನೋಡಿದೆ. ಆಮೇಲೆ ನನ್ನ ಬೆನ್ನಿಗೆ ಗುದ್ದಿ, "ಏನಪ್ಪಾ ಮೈದುನ, ಅಮ್ಮ ಆಗಲೇ ನಿನ್ನನ್ನ ಕೇಳ್ತಿದ್ರು. ಹುಷಾರು" ಎಂದರು.

ಅತ್ತಿಗೆಯ ಅಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕೈಯಲ್ಲಿ ಬೆತ್ತವಿಲ್ಲ, ಆದರೂ ಇದೆ ಎನ್ನಿಸುತ್ತದೆ. ಹೆಡ್ ಮೇಡಂ ಎಂದು ಹೆಸರಿಟ್ಟೆ. ವರಾಂಡದಲ್ಲಿ ಕೂತು ಕನ್ನಡಕದ ಮೇಲಿನಿಂದ ನನ್ನನ್ನು ಪರೀಕ್ಷಿಸಿದರು.

"ನೀನೇನಾ ಅವನ ಬಾಯಿ?"

"ಹೌದು ಮೇಡಂ. ಹದಿನೇಳು ವರ್ಷದ ಅನುಭವ."

"ನೋಡಪ್ಪ, ನನ್ನ ಮಗಳು ಅವನ ಮಾತು ಹೇಳಿದ್ರೆ ನಾನು ನಂಬಲ್ಲ. ಅವಳಿಗೀಗ ಹುಣಸೆಹಣ್ಣೂ ಸಿಹಿ. ನೀನಾದ್ರೆ ಹೊರಗಿನವನು. ನಾನು ಹೇಳಿದ್ದು ಹೇಳಿದ ಹಾಗೆ, ಅವನು ಹೇಳಿದ್ದು ಹೇಳಿದ ಹಾಗೆ. ಮಧ್ಯ ನಿಂದೇನೂ ಬೇಡ. ಆಯ್ತಾ?"

"ನಂದೇನೂ ಇರಲ್ಲ ಮೇಡಂ." ಇದನ್ನು ಹೇಳುವಾಗ ನನ್ನ ಮುಖದಲ್ಲಿದ್ದ ಗಾಂಭೀರ್ಯವನ್ನು ಯಾರಾದರೂ ಫೋಟೋ ಹಿಡಿಯಬೇಕಿತ್ತು.

"ಇನ್ನೊಂದು. ಅವನು ನಡೀತಾ ನಡೀತಾ ಹತ್ತು ಹೆಜ್ಜೆಗೊಂದ್ಸಲ ಹಿಂದೆ ತಿರುಗ್ತಾನಲ್ಲ, ಯಾಕೆ? ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ?"

"ನೆರಳು ಜೊತೇಲೇ ಬರ್ತಿದೆಯಾ ಅಂತ ಲೆಕ್ಕ ನೋಡ್ಕೋತಾನೆ ಮೇಡಂ."

ನಗಲಿಲ್ಲ. ಈ ಮದುವೆಗೆ ಅವರ ಮನಸ್ಸು ಅರ್ಧ ಮಾತ್ರ ಬಂದಿದೆ. ಇನ್ನರ್ಧ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದೆ.

ಫೆಬ್ರವರಿ ೯, ಭಾನುವಾರ

ಇಂದಿನ ದಿನವನ್ನು ಇತಿಹಾಸಕಾರರು ಗಮನಿಸತಕ್ಕದ್ದು. ಒಂದು ಅನಾಹುತ, ಒಂದು ವಿಜಯ.

ಅನಾಹುತ: ಕುರ್ಚಿಗಳು ಬಿಚ್ಚುತ್ತಿಲ್ಲ. ಶೆಡ್ಡಿನಲ್ಲಿ ಗೋಣಿ ಬಿಚ್ಚಿ ಮೊದಲನೆಯದನ್ನು ತೆರೆಯಲು ಹೋದರೆ ಅರ್ಧಕ್ಕೇ ನಿಂತಿತು. ಎರಡನೆಯದು ಅಷ್ಟೂ ಇಲ್ಲ. ಹದಿನಾರೂ ಹಾಗೆಯೇ, ಬಾಯಿ ಕಟ್ಟಿಕೊಂಡಂತೆ. ಎರಡು ವಾರ ಸಮುದ್ರದ ಗಾಳಿ ಕುಡಿದು ಮರ ಊದಿದೆ. ನಮ್ಮ ಒಣ ಊರಿನಲ್ಲಿ ಬೆಣ್ಣೆಯ ಹಾಗೆ ಮಡಚಿಕೊಳ್ಳುತ್ತಿದ್ದವು. ಕಾಲು ಜಾರುವ ಸಂದು ಇದೆಯಲ್ಲ, ಅದರ ಒಳಗೆ ಪಾಲಿಶ್ ಹಚ್ಚಿದ್ದರೆ ತೇವ ಹೋಗುತ್ತಿರಲಿಲ್ಲವೋ ಏನೋ. ಒಳಗೆ ಯಾರು ನೋಡುತ್ತಾರೆಂದು ನಾನು ಹಚ್ಚಿರಲಿಲ್ಲ. ಈ ಮಾತು ಈ ಪುಸ್ತಕದಿಂದ ಆಚೆ ಹೋಗಬಾರದು.

ಉಳಿ ಅಂಗಿ ತೆಗೆದಿಟ್ಟು, ಒಂದೊಂದೇ ಕುರ್ಚಿಯ ಬೋಲ್ಟು ಕಳಚಿ, ಸಂದುಗಳಿಗೆ ತೋಪಡ ಹೊಡೆಯಲು ಕೂತ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಅವನ ಮೊಣಕಾಲವರೆಗೆ ಏರಿತು. ನಾನು ಉಪ್ಪುಕಾಗದ ಉಜ್ಜುತ್ತ ಎದುರಿಗೆ ಕೂತಿದ್ದೆ.

ಆಗ ಹೆಡ್ ಮೇಡಂ ಬಂದರು. ಉಳಿಯ ಬೆನ್ನು ಅವರ ಕಡೆಗಿತ್ತು. "ನೋಡಪ್ಪಾ" ಎಂದರು. ತೋಪಡ ಹೊಡೆಯುತ್ತಲೇ ಇದ್ದ. "ನೋಡಪ್ಪಾ!" ಎರಡನೇ ಸಲ ಜೋರಾಗಿ. ಮೂರನೇ ಸಲ ಎಷ್ಟು ಜೋರಾಗಿ ಎಂದರೆ, ದೋಣಿಕಟ್ಟೆಯಲ್ಲಿ ಹಗ್ಗ ಸುತ್ತುತ್ತಿದ್ದವರು ತಿರುಗಿ ನೋಡಿದರು. ಉಳಿ ತಿರುಗಲಿಲ್ಲ. ಮೇಡಂ ಮುಖದ ಬಣ್ಣವೇ ಹೋಯಿತು. ಉಳಿಗೆ ಕಿವಿ ಕೇಳಿಸದೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿರುವುದು ಬೇರೆ, ಮೂರು ಸಲ ಕೂಗಿ ನೋಡುವುದು ಬೇರೆ ಎಂದು ಕಾಣುತ್ತದೆ.

ನನ್ನ ಕಡೆ ತಿರುಗಿದರು. "ಕೇಳು ಅವನನ್ನ. ನಾಳೆ ನನ್ನ ಮಗಳಿಗೆ ಏನೋ ಆಗಿ, ಹಿಂದಿನಿಂದ ಹೀಗೇ ಕೂಗಿದ್ರೆ, ಇವನಿಗೆ ಹೇಗೆ ಗೊತ್ತಾಗುತ್ತೆ? ಕೇಳು."

ನಾನು ಉಳಿಯ ಭುಜ ತಟ್ಟಿದೆ. ಹುಬ್ಬಿನ ಮೇಲೆಲ್ಲ ಮರದ ಹಿಟ್ಟು, ಮೇಡಂ ಬಂದಿದ್ದಾರೆಂದು ಕಂಡು ಮುಖದ ತುಂಬ ಸಂತೋಷ. ಮದುವೆಗೆ ಮೂರು ದಿನ. ಆ ಮುಖಕ್ಕೆ ಆ ಪ್ರಶ್ನೆಯನ್ನು ಎಸೆಯಲು ನಾನೇನು ಕಟುಕನೇ? ಕೈಯಲ್ಲಿ ಹೇಳಿದೆ: "ಈ ಸೆಖೇಲಿ ಯಾಕಪ್ಪಾ ಇಷ್ಟು ಕಷ್ಟಪಡ್ತೀಯಾ, ಸ್ವಲ್ಪ ಸುಧಾರಿಸ್ಕೋ ಅಂತಿದ್ದಾರೆ."

ಉಳಿ ಹಿಗ್ಗಿ ಹೀರೇಕಾಯಿಯಾದ. ಹಲ್ಲೆಲ್ಲ ತೋರಿಸಿ ನಕ್ಕು, ಎದೆಯ ಮೇಲೆ ಕೈಯಿಟ್ಟು, "ಏನೂ ಕಷ್ಟ ಇಲ್ಲ ಅಂತ ಹೇಳು. ನನಗೆ ಅಭ್ಯಾಸ ಇದೆ. ಇನ್ನು ಎಂಟೇ ಎಂಟು" ಎಂದು ಎಂಟು ಬೆರಳು ತೋರಿಸಿದ.

ನಾನು ಗಂಟಲು ಸರಿಮಾಡಿಕೊಂಡೆ. "ಮೇಡಂ, ನಿಮ್ಮ ಮಗಳ ಉಸಿರೇ ನನ್ನ ಎದೆಬಡಿತ, ಅವಳು ಕೂಗೋ ಮೊದಲೇ ನನ್ನ ಹೃದಯ ತಿರುಗಿರುತ್ತೆ, ಅಂತಿದ್ದಾನೆ."

"ಎಂಟು ಬೆರಳು ಯಾಕೆ ತೋರಿಸಿದ?"

"ಎಂಟು ದಿಕ್ಕಿಗೂ ಅಂತ ಮೇಡಂ."

ಮೇಡಂ ಉಳಿಯ ನಗುವನ್ನು ಒಂದು ಗಳಿಗೆ ನೋಡಿ, ಮಾತಿಲ್ಲದೆ ಹೊರಟುಹೋದರು. ನನ್ನ ಮಾತು ಮನಸ್ಸಿಗೆ ನಾಟಿದ್ದರಿಂದ ಬಾಯಿ ಕಟ್ಟಿತೆಂದು ತಿಳಿಯುತ್ತೇನೆ. ಎರಡು ರಾಜ್ಯಗಳ ನಡುವಿನ ಯುದ್ಧವನ್ನು ಒಂದೇ ವಾಕ್ಯದಲ್ಲಿ ತಪ್ಪಿಸಿದ ದುಭಾಷಿಗೆ ಪ್ರತಿಮೆ ಕೆತ್ತಿಸುವ ಪದ್ಧತಿ ಇಲ್ಲದಿರುವುದು ಈ ಲೋಕದ ದೌರ್ಭಾಗ್ಯ. ಎಂಟು ದಿಕ್ಕು! ಅದು ಆ ಕ್ಷಣದಲ್ಲಿ ತಾನಾಗಿ ಹೊಳೆದದ್ದು. ಇನ್ನೂ ನಗು ಬರುತ್ತಿದೆ.

ಫೆಬ್ರವರಿ ೧೦, ಸೋಮವಾರ, ಬೆಳಗ್ಗೆ

ಹೆಡ್ ಮೇಡಂ ನಾಳೆ ಹತ್ತು ಗಂಟೆಯ ದೋಣಿಗೆ ಹೊರಟುಹೋಗುತ್ತಾರಂತೆ. ಮದುವೆಗೆ ಇರುವುದಿಲ್ಲವಂತೆ.

ಅತ್ತಿಗೆ ಬಂದು ಹೇಳಿದರು. ಅವರ ಕಣ್ಣು ಕೆಂಪಾಗಿತ್ತು; ಸಮುದ್ರದ ಉಪ್ಪೆಂದು ಅಂದುಕೊಳ್ಳಲು ನೋಡಿದೆ. "ಅಮ್ಮ ಅಂದ್ರು, 'ಅಂಥ ಪ್ರಶ್ನೆ ಕೇಳಿದ್ರೆ ಹಲ್ಲು ಕಿಸಿದು ನಕ್ಕ. ಮೇಲೆ ನಾಟಕದ ಮಾತು. ಅದನ್ನ ಹಗುರ ತಗೊಂಡವನಿಗೆ ನಿನ್ನನ್ನ ಕೊಡೋದನ್ನ ನಾನು ಕೂತು ನೋಡಲ್ಲ' ಅಂತ. ಯಾವ ಪ್ರಶ್ನೆ ಅಂದ್ರೆ ಹೇಳ್ತಿಲ್ಲ. ಉಳೀನ ಕೇಳಿದ್ರೆ, 'ನನಗೆ ವಿಶ್ರಾಂತಿ ತಗೋ ಅಂದ್ರು, ತುಂಬ ಒಳ್ಳೆಯವರು' ಅಂತಾನೆ."

ನಾನು ಸಮುದ್ರ ನೋಡಿದೆ.

"ಮೈದುನ. ಈ ಕಡೆ ನೋಡು. ಏನು ಮಾಡ್ದೆ ನೀನು?"

ಫೆಬ್ರವರಿ ೧೦, ಸಂಜೆ

ಅತ್ತಿಗೆಗೆ ಎಲ್ಲ ಹೇಳಿದೆ. ಬೈಯಲಿಲ್ಲ. "ನನಗೆ ಹೇಳಿ ಏನು ಪ್ರಯೋಜನ?" ಎಂದು ಶೆಡ್ಡಿನ ಕಡೆ ಬೆರಳು ತೋರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಉಳಿ ಹದಿಮೂರನೇ ಕುರ್ಚಿಯ ಕೆಲಸದಲ್ಲಿದ್ದ. ಎದುರಿಗೆ ಕೂತು ಹೇಳಿದೆ. ಎದೆಬಡಿತ, ಎಂಟು ದಿಕ್ಕು, ಎಲ್ಲ. ಕೈಮಾತಿನಲ್ಲಿ ಒಂದು ತೊಂದರೆಯಿದೆ: ಹೇಳುವಾಗ ಕೇಳುವವನ ಮುಖ ನೋಡಲೇಬೇಕು. ನೆಲ ನೋಡುತ್ತ ತಪ್ಪೊಪ್ಪಿಕೊಳ್ಳಲು ಆಗುವುದಿಲ್ಲ.

ಅವನು ತೋಪಡ ಕೆಳಗಿಟ್ಟ. "ಅವರು ನಿಜವಾಗಿ ಏನು ಕೇಳಿದ್ರು?"

ಹೇಳಿದೆ. ಅವನ ಮುಖದಿಂದ ನಿನ್ನೆಯ ಸಂತೋಷ ಇಳಿದುಹೋಗುವುದನ್ನು ನೋಡಿದೆ. ನಾನು ತಪ್ಪಿಸಬೇಕೆಂದಿದ್ದು ಇದನ್ನೇ.

ಆಮೇಲೆ ಅವನು ಕಾಲು ಕಳಚಿದ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, ಸಂದಿನೊಳಗೆ ಬೆರಳಿಟ್ಟು ತೋರಿಸಿದ. ಹೊರಗೆ ಕನ್ನಡಿಯ ಹಾಗೆ ಪಾಲಿಶ್, ಒಳಗೆ ಬೋಳು ಮರ. "ನೀರು ಒಳಗೆ ಹೋಗಿದ್ದು ಇಲ್ಲಿಂದ." ಅಷ್ಟೇ ಹೇಳಿದ್ದು. ಕೈ ಒರೆಸಿಕೊಂಡು ಎದ್ದ. "ಬಾ. ಅವರ ಹತ್ರ ಹೋಗೋಣ."

ಮೇಡಂ ಕೋಣೆಯಲ್ಲಿ ಮಂಚದ ಮೇಲೆ ಚೀಲ, ಅರ್ಧ ತುಂಬಿತ್ತು. ಸೀರೆಗಳು ಅಳತೆಪಟ್ಟಿ ಇಟ್ಟು ಮಡಿಸಿದಂತಿದ್ದವು.

"ಮೇಡಂ, ನಿನ್ನೆ ನಾನು ಹೇಳಿದ್ದು ಎರಡೂ ಕಡೆ ಸುಳ್ಳು" ಎಂದೆ.

ಕನ್ನಡಕ ತೆಗೆದರು. "ಎಷ್ಟು ಸುಳ್ಳು?"

"ನಿಮ್ಮ ಪ್ರಶ್ನೆ ಅವನಿಗೆ ಹೇಳೇ ಇಲ್ಲ. ನೀವು ಸುಧಾರಿಸ್ಕೋ ಅಂದ್ರಿ ಅಂದೆ. ಅವನು ನಕ್ಕಿದ್ದು ಅದಕ್ಕೆ. ಎದೆಬಡಿತ ಪೂರ್ತಿ ನಂದು. ಎಂಟು ಬೆರಳು ಅಂದ್ರೆ, ಇನ್ನೂ ಎಂಟು ಕುರ್ಚಿ ಬಾಕಿ ಅಂತ."

ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಶಾಲೇಲಿ ಆಗಿದ್ರೆ ನಿನ್ನನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸ್ತಿದ್ದೆ."

"ನಿಲ್ತೀನಿ ಮೇಡಂ."

"ಗೋಡೆ ಕಡೆ ನಿಂತ್ರೆ ಅವನ ಕೈ ಯಾರು ನೋಡ್ತಾರೆ? ಇಲ್ಲೇ ನಿಂತ್ಕೋ. ಈಗ ಕೇಳು ಅವನನ್ನ."

ಕೇಳಿದೆ. ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ. ಉಳಿ ಅವರನ್ನೇ ನೋಡುತ್ತ ಉತ್ತರಿಸಿದ. ಮೊದಲ ಮಾತೇ ಹೀಗಿತ್ತು: "ಗೊತ್ತಾಗಲ್ಲ."

ಆ ಒಂದು ಮಾತಿಗೆ ನನ್ನ ನಾಲಿಗೆಯಲ್ಲಿ ನಾಲ್ಕು ಒಳ್ಳೆಯ ಬದಲಿ ಮಾತುಗಳು ಸಾಲಾಗಿ ನಿಂತಿದ್ದವು. ನುಂಗಿದೆ. "ಗೊತ್ತಾಗಲ್ಲ" ಎಂದೆ.

ಮೇಡಂ ಕೈ ಚೀಲದ ಮೇಲೆ ಹೋಯಿತು. ಉಳಿ ಮುಂದುವರಿಸಿದ, ನಾನು ಅವನ ಹಿಂದೆಯೇ ಹೋದೆ.

"ಕೂಗಿದ್ರೆ ಗೊತ್ತಾಗಲ್ಲ. ಅದಕ್ಕೇ ನಾನು ಕೂಗೋ ತನಕ ಕಾಯಲ್ಲ. ಚಿಕ್ಕಂದಿನಿಂದ ಹತ್ತು ಹೆಜ್ಜೆಗೊಂದ್ಸಲ ತಿರುಗಿ ನೋಡೋದು ಅಭ್ಯಾಸ. ನೀವೂ ನೋಡಿರ್ಬೇಕು. ನಿಮ್ಮ ಮಗಳು ನೀರಿಗಿಳಿದ್ರೆ ದೋಣಿ ಮೇಲೆ ಕೂತು ಅವಳ ಉಸಿರಿನ ಗುಳ್ಳೆ ನೋಡ್ತಿರ್ತೀನಿ. ಬೇರೆಯವರು ಹಾಡು ಕೇಳ್ತಾ ಕೂರ್ತಾರೆ. ನನಗೆ ನೋಡೋದು ಬಿಟ್ಟು ಬೇರೆ ಕೆಲಸ ಇಲ್ಲ. ಆದ್ರೆ ಒಂದಲ್ಲ ಒಂದ್ಸಲ ನೋಡೋದು ತಪ್ಪಬಹುದು. ತಪ್ಪೋದೇ ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಮೇಡಂ ಕಿಟಕಿ ನೋಡಿದರು. ಆಮೇಲೆ ಹೇಳಿದರು, ನನಗಲ್ಲ, ಅವನಿಗೆ: "ನನ್ನ ಕಿವಿ ಚೆನ್ನಾಗೇ ಇತ್ತು. ರೇಡಿಯೋ ಹಾಕ್ಕೊಂಡು ಉತ್ತರಪತ್ರಿಕೆ ತಿದ್ತಾ ಇದ್ದೆ. ಇವಳಪ್ಪ ಬಚ್ಚಲಲ್ಲಿ ಬಿದ್ದು ಕೂಗಿದ್ದಾರೆ. ಪಕ್ಕದ ಮನೆಯವರಿಗೆ ಕೇಳಿಸ್ತಂತೆ. ನನಗೆ ಕೇಳಿಸಲಿಲ್ಲ."

ಇದನ್ನು ಕೈಯಲ್ಲಿ ಹೇಳುವಾಗ ನನ್ನ ಬೆರಳು ಸರಿಯಾಗಿ ಮಡಚಿಕೊಳ್ಳಲಿಲ್ಲ. ಎರಡು ಸಲ ಹೇಳಬೇಕಾಯಿತು.

"ಎಷ್ಟು ವರ್ಷ ಆಯ್ತು?" ಉಳಿ ಕೇಳಿದ.

"ಒಂಬತ್ತು."

"ಯಾರಿಗೆ ಹೇಳಿದ್ದೀರಾ?"

"ಯಾರಿಗೂ ಇಲ್ಲ. ಮಗಳಿಗೂ ಇಲ್ಲ. ರೇಡಿಯೋ ಹಾಕಿದ್ದೆ ಅಂತ ಅವಳಿಗೆ ಗೊತ್ತಿಲ್ಲ."

ಉಳಿ ಎದುರಿಗೆ ಕೂತು ಅವರ ಮುಖವನ್ನೇ ನೋಡಿದ. ನಾನು ಆ ಕೋಣೆಯಲ್ಲಿದ್ದೇನೆಂಬುದೇ ಇಬ್ಬರಿಗೂ ಮರೆತುಹೋಗಿತ್ತು. ಯಾರೂ ಯಾವತ್ತೂ ನನ್ನನ್ನು ಹೀಗೆ ಮರೆತಿರಲಿಲ್ಲ. ಬೇಜಾರೇನೂ ಆಗಲಿಲ್ಲ. ಸುಸ್ತಾಗಿದ್ದರಿಂದ ಇರಬೇಕು.

ಕೊನೆಗೆ ಮೇಡಂ, "ಇಬ್ಬರೂ ಹೋಗಿ ಈಗ" ಎಂದರು. ಚೀಲ ಅರ್ಧ ತುಂಬಿದಂತೆಯೇ ಇತ್ತು. ಇರುತ್ತಾರೋ ಹೋಗುತ್ತಾರೋ ಗೊತ್ತಿಲ್ಲ.

ಫೆಬ್ರವರಿ ೧೧, ಮಂಗಳವಾರ

ಒಂಬತ್ತೂವರೆಗೆ ಮೇಡಂ ಚೀಲ ದೋಣಿಕಟ್ಟೆಯ ಮೇಲೆ ಕಂಡಿತು. ಪೂರ್ತಿ ತುಂಬಿ, ಜಿಪ್ಪು ಹಾಕಿ. ಅತ್ತಿಗೆ ಅದನ್ನು ನೋಡಿ, ಮುಳುಗಲು ಕಲಿಯುವವರನ್ನು ಕರೆದುಕೊಂಡು ನೀರ ಕಡೆ ಹೋದರು. ಚಿಕ್ಕಮ್ಮ ನನ್ನನ್ನು ನೋಡಿದ ನೋಟಕ್ಕಿಂತ ಸಮುದ್ರಕ್ಕೆ ನೂಕಿಸಿಕೊಳ್ಳುವುದು ವಾಸಿ.

ಉಳಿ ಕೊನೆಯ ಕುರ್ಚಿಗೆ ಬೋಲ್ಟು ಕೂರಿಸುತ್ತಿದ್ದ. ಬೆನ್ನು ಬಾಗಿಲ ಕಡೆಗೆ. ಮೇಡಂ ಶೆಡ್ಡಿನ ಬಾಗಿಲಿಗೆ ಬಂದರು. ವಿದಾಯ ಹೇಳಲು ಬಂದರೆಂದು ತಿಳಿದು ನಾನು ಉಳಿಯ ಭುಜ ತಟ್ಟಲು ಕೈ ಎತ್ತಿದೆ. "ಬೇಡ" ಎಂದು ತಲೆಯಾಡಿಸಿದರು.

ಕೂಗಲಿಲ್ಲ. ಸೀರೆಯ ಅಂಚು ಎತ್ತಿಕೊಂಡು, ಮೊಣಕಾಲುದ್ದದ ಸಿಪ್ಪೆ ತುಳಿಯುತ್ತ, ಇಡೀ ಶೆಡ್ಡು ಸುತ್ತಿ ಅವನ ಎದುರಿಗೆ ಬಂದು ನಿಂತರು. ಉಳಿ ತಲೆಯೆತ್ತಿದ. ಮೇಡಂ ಸಾಲಿನಲ್ಲಿದ್ದ ಒಂದು ಕುರ್ಚಿ ಎಳೆದುಕೊಂಡು ಕೂತು, ಆ ಕಡೆ ಈ ಕಡೆ ವಾಲಿದರು. ಕಾಲು ಟಕ್ ಟಕ್ ಎಂದಿತು. ಸದ್ದು ಅವನಿಗೆ ಕೇಳದೆಂದು ನೆನಪಾಗಿ, ಬೆರಳಲ್ಲಿ ಕಾಲು ತೋರಿಸಿ, ಹುಬ್ಬೇರಿಸಿದರು. ಉತ್ತರಪತ್ರಿಕೆಯಲ್ಲಿ ತಪ್ಪು ಸಿಕ್ಕಿದ ಹುಬ್ಬು.

ಉಳಿ ಮಂಡಿಯೂರಿ ಕಾಲು ನೋಡಿದ. ತಪ್ಪೊಪ್ಪಿಕೊಂಡು ತಲೆಯಾಡಿಸಿದ. ಮೇಡಂ ಎದ್ದು ಮುಂದಿನ ಕುರ್ಚಿಗೆ ಹೋದರು. ಅದೂ ಆಯಿತು, ಅದರ ಮುಂದಿನದು.

ನಾಲ್ಕನೆಯದರಲ್ಲಿ ಇದ್ದಾಗ ದೋಣಿಯ ಹಾರ್ನ್ ಮೊಳಗಿತು. ಎರಡು ಸಲ. ಆ ಶೆಡ್ಡಿನಲ್ಲಿ ಅದು ಕೇಳಿಸಿದ್ದು ನನಗೂ ಮೇಡಂಗೂ. ಇಬ್ಬರೂ ಕೇಳಿಸದವರ ಹಾಗೆ ಇದ್ದೆವು.

"ಕುರ್ಚಿಗೆ ಕೈಯಲ್ಲಿ ಏನಂತಾರೆ?" ಮೇಡಂ ನನ್ನನ್ನು ಕೇಳಿದ್ದು ಇಷ್ಟೇ. ಎಂಥ ಅವಕಾಶ! ಕುರ್ಚಿ ಬದಲು ಕಪ್ಪೆಯನ್ನು ಕಲಿಸಬಹುದಿತ್ತು. ಸಾಯುವ ತನಕ ಅದನ್ನೇ ಹೇಳುತ್ತಿದ್ದರು. ಕುರ್ಚಿಯನ್ನೇ ಕಲಿಸಿದೆ. ಸೆಖೆಗೆ ನನ್ನ ಬುದ್ಧಿ ಮಂಕಾಗಿದೆ.

ಬೇರೆ ಕೆಲಸವಿರಲಿಲ್ಲ. ಡಬ್ಬಿ ತೆರೆದು ಕುರ್ಚಿಗಳ ಸಂದಿನೊಳಗೆ ಪಾಲಿಶ್ ಹಚ್ಚುತ್ತ ಕೂತೆ. ಹದಿನಾರಕ್ಕೂ. ಕತ್ತಲಾಗುವ ಮೊದಲು ಮುಗಿಯಿತು.

ಫೆಬ್ರವರಿ ೧೨, ಬುಧವಾರ

ಮದುವೆ ಆಯಿತು.

ನೋಂದಣಿ ಅಧಿಕಾರಿ ದೋಣಿಯಿಂದಿಳಿದು ಒದ್ದೆ ಪ್ಯಾಂಟಿನಲ್ಲೇ ರಿಜಿಸ್ಟರು ತೆರೆದರು. ಮರಳಿನ ಮೇಲೆ ಹದಿನಾರು ಕುರ್ಚಿ, ಎರಡು ಸಾಲು. ಹದಿನಾರೂ ಬಿಚ್ಚಿದವು, ಒಂದೂ ಅಲ್ಲಾಡಲಿಲ್ಲ. ಇಂಥ ಕುರ್ಚಿ ಯಾವ ಅರಮನೆಯಲ್ಲೂ ಇರಲಾರದು. ಇದು ಒಗ್ಗರಣೆಯಲ್ಲ. ಮೊದಲ ಸಾಲಿನ ಮಧ್ಯದಲ್ಲಿ ಹೆಡ್ ಮೇಡಂ, ಬೆನ್ನು ನೇರ. ಪಕ್ಕದಲ್ಲಿ ಚಿಕ್ಕಮ್ಮ, ಹೊರಡುವ ದೋಣಿಯನ್ನು ನೆನೆದು ಈಗಲೇ ಅಳುತ್ತ.

ಒಪ್ಪಿಗೆಯನ್ನು ಇಬ್ಬರೂ ಕೈಯಲ್ಲೇ ಹೇಳಿದರು. ನಾನು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿದೆ, ಅವರು ಹೇಳಿದಷ್ಟೇ. ಅಧಿಕಾರಿ ಸಾಕ್ಷಿಯ ರುಜು ಕೇಳಿದಾಗ, ಯಾರನ್ನು ಕರೆಯಬೇಕೆಂದು ಅತ್ತಿಗೆ ತಿರುಗುವಷ್ಟರಲ್ಲಿ ಮೇಡಂ ತಮ್ಮದೇ ಪೆನ್ನು ತೆಗೆದುಕೊಂಡು ಎದ್ದುಬಂದರು. ರುಜು ಮಾಡಿ, ಉಳಿಯ ಎದುರಿಗೆ ನಿಂತು, ಅವನ ಹುಬ್ಬಿನ ಮೇಲಿದ್ದ ಮರಳು ಒರೆಸಿದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಊಟಕ್ಕೆ ಮೊದಲು ಉಳಿ ಎದ್ದು ನಿಂತು, ಮಾತಾಡಬೇಕೆಂದು ನನ್ನನ್ನು ಕರೆದ. ಕೈಮಾತಿನ ನಿಯಮ ಹೀಗಿದೆ: ಅವನು ತನ್ನನ್ನು ತೋರಿಸಿದರೆ ನಾನು 'ನಾನು' ಎನ್ನಬೇಕು. ಆ ಹೊತ್ತು ನನ್ನ ಬಾಯಿ ನನ್ನದಲ್ಲ.

"ನನಗೆ ಏಳು ವರ್ಷ ಇದ್ದಾಗ," ಎಂದೆ, "ನಮ್ಮ ಬೀದಿಯವರೆಲ್ಲ ನನಗೆ ಮಾತು ಕಲಿಸೋಕೆ ಬಂದ್ರು. ಗಂಟಲು ಮುಟ್ಟಿಸಿ, ಬಾಯಿ ಅಗಲಿಸಿ. ನನ್ನ ಮಾತು ಕಲಿಯೋಕೆ ಬಂದವನು ಒಬ್ಬನೇ. ಯಾಕೆ ಅಂದ್ರೆ, ಕ್ಲಾಸಲ್ಲಿ ಬಾಯಲ್ಲಿ ಮಾತಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ, ಕೈಯಲ್ಲಾದ್ರೆ ಮೇಷ್ಟ್ರ ಎದುರಿಗೇ ಮೇಷ್ಟ್ರನ್ನ ಆಡ್ಕೋಬಹುದು ಅಂದ."

ಎಲ್ಲರೂ ನಕ್ಕರು. ಹೆಡ್ ಮೇಡಂ ಕೂಡ. ನನಗೆ ಆಗಲೇ ಅನುಮಾನ ಬಂತು.

"ಅವನು ಹದಿನೇಳು ವರ್ಷದಿಂದ ನನಗೆ ಸುಳ್ಳು ಹೇಳ್ತಿದ್ದಾನೆ. ಅದು ನನಗೆ ಗೊತ್ತು. ಬೈಯೋರ ಮುಖ ನನಗೂ ಕಾಣುತ್ತೆ. ಮೇಜು ಗುದ್ದಿ ಯಾರೂ ಹೊಗಳಲ್ಲ. ಅವರ ಬೈಗುಳಾನೆಲ್ಲ ಇವನು ತನ್ನ ಹತ್ರ ಇಟ್ಕೊಂಡು, ನನಗೆ ಬೇರೆ ಏನೋ ಕೊಡ್ತಿದ್ದ. ನಾನೂ ಸುಮ್ಮನೆ ತಗೋತಿದ್ದೆ. ಯಾಕೆಂದ್ರೆ ಆಗ ಇವನ ಮುಖದಲ್ಲಿ ಒಂದು ಖುಷಿ ಇರ್ತಿತ್ತು."

ಇಲ್ಲಿ ನಾನು ನಡುವೆ ನಿಲ್ಲಿಸಿ ಒಂದು ಲೋಟ ನೀರು ಕುಡಿದೆ.

"ಸೋಮವಾರ ಇವನು ಮೊದಲ ಸಲ, ಬಂದ ಮಾತನ್ನ ಬಂದ ಹಾಗೇ ನನ್ನ ಕೈಗೆ ಕೊಟ್ಟ. ಕೊಡುವಾಗ ಎರಡೆರಡು ಸಲ ಹೇಳ್ಬೇಕಾಯ್ತು. ಆದ್ರೂ ಕೊಟ್ಟ. ನನಗೆ ಈ ಮದುವೆ ಸಿಕ್ಕಿದ್ದು ಅದರಿಂದ."

ಆಮೇಲೆ ಉಳಿ ಇನ್ನೊಂದು ಮಾತು ಹೇಳಿದ. ಹೆಬ್ಬೆರಳನ್ನು ಹೊಟ್ಟೆಯಿಂದ ಎದೆಯವರೆಗೆ ನಿಧಾನವಾಗಿ ಎಳೆದು, ನನ್ನ ಕಡೆ ತೋರಿಸಿದ.

ನಾನು, "ಎಲ್ಲರೂ ಊಟಕ್ಕೆ ಏಳಿ ಅಂತಿದ್ದಾನೆ" ಎಂದೆ.

ನಾಲ್ಕು ಜನ ಎದ್ದೂ ಬಿಟ್ಟರು. ಉಳಿ ಅತ್ತಿಗೆಯನ್ನು ನೋಡಿದ. ಮಾತು ದಾಟಿಲ್ಲವೆಂದು ಅತ್ತಿಗೆ ತಲೆಯಾಡಿಸಿದರು. ಎದ್ದವರು ಮತ್ತೆ ಕೂತರು. ಉಳಿ ಅದೇ ಮಾತನ್ನು ಮತ್ತೆ ಹೇಳಿದ, ಇನ್ನೂ ನಿಧಾನವಾಗಿ, ನನಗೆ ಕೈಮಾತು ಬಾರದೆಂಬಂತೆ.

ಈ ಪುಸ್ತಕದ ತುಂಬ ನನ್ನನ್ನು ನಾನೇ ಎಷ್ಟೋ ಹೊಗಳಿಕೊಂಡಿದ್ದೇನೆ. ಒಂದು ಸಲವೂ ಗಂಟಲು ಕಟ್ಟಿರಲಿಲ್ಲ. ಈಗ ಬಾಯಿ ತೆರೆದರೆ ಗಾಳಿ ಬಂತು, ಮಾತು ಬರಲಿಲ್ಲ. ಹದಿನಾರು ಕುರ್ಚಿಯವರೂ ಕಾದರು. ಉಳಿ ಮೂರನೇ ಸಲ ಹೇಳಿ, ಕೈ ಕಟ್ಟಿಕೊಂಡು ನಿಂತ.

"ಇವನನ್ನ ನೋಡಿದ್ರೆ ನನಗೆ ಹೆಮ್ಮೆ ಆಗುತ್ತೆ" ಎಂದೆ.

ಹೇಗೆ ಕೇಳಿಸಿತೋ ಗೊತ್ತಿಲ್ಲ. ಧ್ವನಿ ಒಡೆದಿತ್ತು ಎಂದು ಚಿಕ್ಕಮ್ಮ ಆಮೇಲೆ ಹೇಳಿದರು. ಉಳಿಗೆ ಧ್ವನಿಯ ಗೊಡವೆಯಿಲ್ಲ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಒಂದೊಂದು ಮಾತೂ ಅಲ್ಲಿಂದ ದಾಟಿತೆಂದು ಖಾತ್ರಿಯಾದ ಮೇಲೆ, ತಲೆಯಾಡಿಸಿ, ಹೆಂಡತಿಯ ಪಕ್ಕ ಕೂತ.